ಮೊದಲು ನುಡಿಸಿದವರ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಾನು ಪೀಣ್ಯದಲ್ಲಿ ಟರ್ನರ್ ಕೆಲಸ ಮಾಡುವವನು. ರಾಕ್ ಸಂಗೀತದ ಬಗ್ಗೆ ಲೇತ್ ಓಡಿಸುವವನಿಗೇನು ಗೊತ್ತು ಎಂದುಕೊಳ್ಳಬೇಡಿ. ಬರೆಯಬೇಕು ಅನ್ನಿಸಿದ್ದು ನಿಮ್ಮ ಪತ್ರಿಕೆ ನೋಡಿಯೇ. ಹೊರದೇಶದ ಬ್ಯಾಂಡ್ ಬೆಂಗಳೂರಿಗೆ ಬಂದಾಗಲೆಲ್ಲ ನಿಮ್ಮಲ್ಲಿ ಎರಡು ಸುದ್ದಿ ಗ್ಯಾರಂಟಿ. ಒಂದು, ಟ್ರಾಫಿಕ್ ಜಾಮ್. ಇನ್ನೊಂದು, ಹಾಡುಗಾರ ಹಾಕಿದ್ದ ಬಟ್ಟೆ. ಅದೇ ವೇದಿಕೆಯನ್ನು ಅವತ್ತು ಮೊದಲು ಹತ್ತಿದ ನಮ್ಮ ಹುಡುಗರ ಹೆಸರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ನಾನು ಹಾಸನದ ಕಡೆಯವನು. ನಮ್ಮೂರಲ್ಲಿ ಗಣಪತಿ ಕೂರಿಸಿದಾಗ ಆರ್ಕೆಸ್ಟ್ರಾ ತರಿಸುತ್ತಿದ್ದರು. ಹಾಡು ಶುರುವಾಗುವ ಮೊದಲು ನಿರೂಪಕ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ರಿದಂ ಪ್ಯಾಡ್‌ನಲ್ಲಿ ಇಂಥವರು, ಕೀಬೋರ್ಡ್‌ನಲ್ಲಿ ಇಂಥವರು, ತಬಲಾದಲ್ಲಿ ಇಂಥವರು. ಕರೆದ ಕೂಡಲೇ ಅವರು ಒಂದು ಸಣ್ಣ ತುಣುಕು ನುಡಿಸಿ ತೋರಿಸಬೇಕು. ಕೊನೆಗೆ ಮೈಕ್ ಸೆಟ್‌ನವನ ಹೆಸರೂ ಬರುತ್ತಿತ್ತು. ಹಾಡು ಕೇಳಲು ಬಂದವರಿಗೆ ನುಡಿಸುವವನು ಯಾರು ಅಂತ ಗೊತ್ತಿರಬೇಕು ಎನ್ನುವ ಮರ್ಯಾದೆ ಅದು. ಒಂದು ಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಇದ್ದದ್ದು ರಾಜಧಾನಿಯ ಪತ್ರಿಕೆಯಲ್ಲಿ ಯಾಕಿಲ್ಲ?

1997ರಲ್ಲಿ ಪೀಣ್ಯಕ್ಕೆ ಬಂದೆ. ರೂಮಿನಲ್ಲಿ ಜೊತೆಗಿದ್ದವನ ಹತ್ತಿರ ಇಂಗ್ಲೆಂಡಿನ ಮೆಟಲ್ (ಗಡುಸು ರಾಕ್) ಬ್ಯಾಂಡ್ ಐರನ್ ಮೇಡನ್‌ನ ಒಂದು ಕ್ಯಾಸೆಟ್ ಇತ್ತು. ಮೊದಲ ದಿನ ನಿಲ್ಲಿಸಪ್ಪ ಅಂದೆ. ತಿಂಗಳಾದ ಮೇಲೆ ನಾನೇ ಹಾಕತೊಡಗಿದೆ. ಮೈಲ್ಡ್ ಸ್ಟೀಲ್ ಮೇಲೆ ಟೂಲ್ ಕಚ್ಚುವಾಗಿನ ಕಿರುಚಾಟ ದಿನಕ್ಕೆ ಎಂಟು ಗಂಟೆ ಕೇಳುವವನಿಗೆ ಆ ಗಿಟಾರ್ ಅಂಥ ದೂರದ್ದೇನಲ್ಲ. ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್. ಮೇಡನ್ ಕಟ್ಟಿದ್ದೇ ಅವನು, 1975ರಲ್ಲಿ. ಬೇರೆ ಬ್ಯಾಂಡ್‌ಗಳಲ್ಲಿ ಬೇಸ್ ಹಿಂದೆ ಕೂತಿರುತ್ತದೆ, ಇಲ್ಲಿ ಕುದುರೆ ಥರ ಮುಂದೆ ಓಡುತ್ತದೆ.

ಆ ಬ್ಯಾಂಡ್ 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬಂತು. ಶನಿವಾರ. ಅರ್ಧ ದಿನ ರಜೆ ಹಾಕಿ ಹೋದೆ. ರೈಲಿನಲ್ಲಿ ಎರಡು ದಿನ ಕೂತು ಬಂದ ಹುಡುಗರಿದ್ದರು. ಮೇಡನ್‌ಗಿಂತ ಮುಂಚೆ ನುಡಿಸಿದವರಲ್ಲಿ ದೆಹಲಿಯ ಪರಿಕ್ರಮ ತಂಡವೂ ಇತ್ತು. ಅದರಲ್ಲಿ ಪಿಟೀಲು ಇದೆ. ಮೆಟಲ್ ಕೇಳಲು ಬಂದ ಜನರ ಎದುರು ಪಿಟೀಲು ಹಿಡಿದು ನಿಲ್ಲುವುದೆಂದರೆ ಸುಮ್ನೆ ಅಲ್ಲ. ಅದೇ ವರ್ಷ ಅವರು ಇಂಗ್ಲೆಂಡಿನ ಡೌನ್‌ಲೋಡ್ ಎಂಬ ರಾಕ್ ಉತ್ಸವದಲ್ಲೂ ನುಡಿಸಿದರು. ಇಲ್ಲಿ ಎಷ್ಟು ಜನರಿಗೆ ಗೊತ್ತು?

2011ರ ಅಕ್ಟೋಬರ್ 30, ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ. ಎರಡು ದಿನ ಮುಂಚೆ ಗುರ್ಗಾಂವ್‌ನಲ್ಲಿ ಅವರ ಕಾರ್ಯಕ್ರಮ ರದ್ದಾಗಿತ್ತು, ಹಾಗಾಗಿ ಇಲ್ಲೂ ನಡೆಯುತ್ತೋ ಇಲ್ಲವೋ ಎಂಬ ಭಯ. ಭಾನುವಾರ ಓವರ್‌ಟೈಮ್ ಮುಗಿಸಿ ಫ್ಯಾಕ್ಟರಿಯಿಂದ ನೇರ ಹೋದೆ. ಗೇಟಿನಲ್ಲಿ ಸೆಕ್ಯುರಿಟಿಯವನು ತಡವಿದ. ಕಾಲಿನಲ್ಲಿ ಸ್ಟೀಲ್ ಟೋ ಇರುವ ಸೇಫ್ಟಿ ಶೂ, ಪ್ಯಾಂಟಿನ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಶೂ ಬಿಟ್ಟ, ಸ್ಕೇಲು ಕಿತ್ತುಕೊಂಡ. ‘ವಾಪಸ್ ಹೋಗುವಾಗ ತಗೊಳ್ಳಿ’ ಅಂದ. ವಾಪಸ್ ಬಂದಾಗ ಅವನೂ ಇಲ್ಲ, ಸ್ಕೇಲೂ ಇಲ್ಲ. ಒಳ್ಳೆಯ ಸ್ಕೇಲು, ಗೆರೆ ಒಂದೂ ಅಳಿಸಿರಲಿಲ್ಲ. ಮೈದಾನದ ತುಂಬ ಕೆಸರು. ಪಕ್ಕದಲ್ಲಿದ್ದ ಹುಡುಗಿಯ ಚಪ್ಪಲಿ ಹೂತು ಹೋಯಿತು, ನನ್ನ ಶೂ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಅವತ್ತು ಮೆಟಾಲಿಕಾಗಿಂತ ಮುಂಚೆ ನುಡಿಸಿದವರಲ್ಲಿ ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ತಂಡ ಇತ್ತು. ಮೊದಲು ಬರುವವರ ಪಾಡು ಎಲ್ಲ ಕಡೆಯೂ ಒಂದೇ. ಜನ ಇನ್ನೂ ಗೇಟಿನಲ್ಲಿರುತ್ತಾರೆ. ಬೆಳಕಿರುವಾಗ ಹತ್ತಿದರೆ ಲೈಟುಗಳು ಕಾಣುವುದಿಲ್ಲ. ಬಂದವರೂ ದೊಡ್ಡ ಬ್ಯಾಂಡಿನ ಹೆಸರನ್ನೇ ಕೂಗುತ್ತಿರುತ್ತಾರೆ. ಅಷ್ಟರಲ್ಲಿ ನಾಲ್ಕು ಜನರಾದರೂ ತಿರುಗಿ ನೋಡುವ ಹಾಗೆ ನುಡಿಸಬೇಕು. ನಾನು ತಿರುಗಿ ನೋಡಿದೆ. ಡ್ರಮ್ಮಿನ ಪೆಟ್ಟು ಎದೆಗೂಡಿಗೆ ಬಂದು ಬಡಿಯಿತು. ಮೆಟಾಲಿಕಾ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ನನಗೆ ಮೇಡನ್ ಮೇಲೇ ಪ್ರೀತಿ ಜಾಸ್ತಿ.

ಇನ್ನೊಂದು ವಿಷಯ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಎನ್ನುವುದು 2000ನೇ ಇಸವಿಯ ನಿಯಮ. ಸುತ್ತ ಮನೆಗಳಿವೆ, ಮಕ್ಕಳಿಗೆ ಪರೀಕ್ಷೆ ಇರುತ್ತದೆ, ನಿಯಮ ಸರಿಯೇ. ಆದರೆ ಕಾರ್ಯಕ್ರಮ ತಡವಾದಾಗ ಯಾರ ಸಮಯ ಕತ್ತರಿಸುತ್ತಾರೆ ಹೇಳಿ? ಒಂದು ಕಾಲೇಜು ಉತ್ಸವದಲ್ಲಿ ಸ್ಥಳೀಯ ತಂಡವನ್ನು ಎರಡೇ ಹಾಡಿಗೆ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂರನೇ ಹಾಡಿಗೆ ಗಿಟಾರ್ ಶ್ರುತಿ ಮಾಡುತ್ತಿದ್ದ ಹುಡುಗ ಹಾಗೇ ತಂತಿ ಸುತ್ತಿಕೊಂಡು ಇಳಿದ. ಅವನ ಹೆಸರು ನನಗೂ ಗೊತ್ತಿಲ್ಲ. ಎಲ್ಲೂ ಅಚ್ಚಾಗಿರಲಿಲ್ಲವಲ್ಲ.

2025ರ ಫೆಬ್ರವರಿಯಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ಹಾಡುತ್ತಿದ್ದಾಗ ಪೊಲೀಸರು ವೈರ್ ಕಿತ್ತರು. ಅದು ಎಲ್ಲ ಕಡೆ ಸುದ್ದಿಯಾಯಿತು. ನಮ್ಮ ಊರಿನ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಮೆಟಲ್ ಕೇಳುವವರಿಗೆ ವಾಕನ್ ಅಂದರೆ ದೊಡ್ಡ ಜಾತ್ರೆ. ನನಗೆ ಅದು ಗೊತ್ತಾಗಿದ್ದು ಕ್ಯಾಂಟೀನಿನಲ್ಲಿ, ಒಬ್ಬ ಅಪ್ರೆಂಟಿಸ್ ಹುಡುಗನ ಮೊಬೈಲ್‌ನಲ್ಲಿ.

ಇವರೆಲ್ಲ ಇಂಗ್ಲಿಷಿನಲ್ಲಿ ಹಾಡುತ್ತಾರೆ, ಕನ್ನಡ ಪತ್ರಿಕೆಗೆ ಯಾಕೆ ಅಂತ ಕೇಳುವವರಿದ್ದಾರೆ. ಸರಿ, ರಘು ದೀಕ್ಷಿತ್ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಗಿಟಾರಿಗೆ ಹಾಕಿ ಹಾಡಿದ್ದನ್ನು ನನ್ನ ತಂದೆಗೆ ಕೇಳಿಸಿದೆ. ಅವರು ಭಜನೆಯಲ್ಲಿ ಅದನ್ನೇ ಹಾಡಿದವರು. ಪೂರ್ತಿ ಕೇಳಿ, ‘ಸ್ವಲ್ಪ ಅವಸರ ಆಯ್ತು’ ಅಂದರು. ಆಮೇಲೆ ಇನ್ನೊಂದು ಸಲ ಹಾಕು ಅಂದರು.

ದೊಡ್ಡ ಲೇಖನ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ‘ನಗರದಲ್ಲಿ ಇಂದು’ ಅಂಕಣದಲ್ಲಿ ಹರಿಕಥೆ, ಪುಸ್ತಕ ಬಿಡುಗಡೆ, ಉಚಿತ ಕಣ್ಣಿನ ತಪಾಸಣೆಯ ಪಕ್ಕ ಒಂದು ಸಾಲು ಕೊಡಿ. ತಂಡದ ಹೆಸರು, ಜಾಗ, ಹೊತ್ತು. ಸಾಧ್ಯವಾದರೆ ಡ್ರಮ್ಸ್‌ನಲ್ಲಿ ಯಾರು, ಗಿಟಾರ್‌ನಲ್ಲಿ ಯಾರು ಎನ್ನುವುದನ್ನೂ. ದಿನಾ ಬೇಡ, ಶನಿವಾರ ಹಾಕಿದರೆ ಸಾಕು. ಭಾನುವಾರ ನಮಗೆ ರಜ.

– ಒಬ್ಬ ಓದುಗ, ಪೀಣ್ಯ ಎರಡನೇ ಹಂತ, ಬೆಂಗಳೂರು