ಬರ್ಗನ್‌ನಿಂದ ಅಪ್ಪನಿಗೆ: ಕುರಿಗಾಹಿಯ ಒಂದು ದಿನ, ನಮ್ಮ ಮನೆಯ ಶ್ರಾವಣ

ಬರ್ಗನ್, ನಾರ್ವೆ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ನಿನ್ನೆಯೂ ದಿನವಿಡೀ ಮಳೆ ಸುರಿಯಿತು. ಕಡಲಿನ ಮೋಡಗಳನ್ನು ಸುತ್ತಲಿನ ಬೆಟ್ಟಗಳು ತಡೆಯುವುದರಿಂದ ಈ ಊರಿಗೆ ಮಳೆ ಹೊಸದಲ್ಲ. ಆದರೆ ಇದಕ್ಕೆ ಧಾರವಾಡದ ಗುಡುಗೂ ಇಲ್ಲ, ಮಣ್ಣಿನ ವಾಸನೆಯೂ ಇಲ್ಲ. ಸಂಜೆ ಅಡುಗೆ ಮಾಡುತ್ತ ನಮ್ಮ ಹಳೆಯ ವಾದ್ಯಸಂಗೀತದ ಆಲ್ಬಂ ‘ಕಾಲ್ ಆಫ್ ದ ವ್ಯಾಲಿ’ ಹಚ್ಚಿದ ಮೇಲೆಯೇ ನನ್ನ ಪಾಲಿಗೆ ಮಳೆಗಾಲ ಶುರುವಾಯಿತು.

ಯೋಚಿಸಿದರೆ ಇದು ವಿಚಿತ್ರವೇ. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ, ಬ್ರಿಜ್‌ಭೂಷಣ ಕಾಬ್ರಾ ಅವರು ಸಂತೂರ್, ಕೊಳಲು, ಗಿಟಾರ್‌ಗಳಲ್ಲಿ ಹೇಳಿದ್ದು ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನದ ಕಥೆಯನ್ನು. ನಸುಕಿನ ಅಹೀರ್ ಭೈರವ ರಾಗದಿಂದ ಹೊರಟು ರಾತ್ರಿಯ ದೇಸ್, ಪಹಾಡಿ ರಾಗಗಳಲ್ಲಿ ಅದು ಮುಗಿಯುತ್ತದೆ. ಅದರಲ್ಲಿ ಹೊತ್ತುಗಳಿವೆಯೇ ಹೊರತು ಋತುಗಳಿಲ್ಲ. ಶ್ರಾವಣವನ್ನು ಅದಕ್ಕೆ ಅಂಟಿಸಿದವರು ನಾವು. ಪಂಚಮಿ ಹತ್ತಿರವಾದಾಗ, ಬೆಲ್ಲದ ಪಾಕ ಆರುವ ಮುನ್ನ ಅಮ್ಮ, ಅಜ್ಜಿ ಅವಸರದಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದರೆ, ನೀವು ಪಡಸಾಲೆಯಲ್ಲಿ ಆ ಕ್ಯಾಸೆಟ್ ಹಚ್ಚುತ್ತಿದ್ದಿರಿ. ನಸುಕಿನ ರಾಗವನ್ನು ಮಧ್ಯಾಹ್ನ ಕೇಳುವುದೇ ಎಂದು ಗೊಣಗುತ್ತಿದ್ದವರು ಅಜ್ಜ. ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿ ಕೂರುತ್ತಿದ್ದವರೂ ಅವರೇ.

ದೇಸ್ ರಾಗಕ್ಕೆ ಮಳೆಯ ನಂಟು ಹಿಂದಿನಿಂದಲೂ ಇದೆ, ಅದೇ ಕಾರಣ ಎಂದು ನೀವು ಹೇಳಬಹುದು. ನಾನು ಪೂರ್ತಿ ಒಪ್ಪಲಾರೆ. ಅದರಲ್ಲೇ ಇರುವ ಪೀಲೂ ರಾಗ ಕೇಳಿದರೂ ನನಗೆ ನೆನಪಾಗುವುದು ಆ ಪಾಕದ ವಾಸನೆ, ತೇವಕ್ಕೆ ಉಬ್ಬಿ ಮುಚ್ಚಲು ಬಾರದ ಹಿತ್ತಲ ಬಾಗಿಲು. ಅದಕ್ಕೂ ಶಾಸ್ತ್ರಕ್ಕೂ ಸಂಬಂಧವಿಲ್ಲ.

ಇನ್ನು ಒಂದೊಂದು ರಾಗಕ್ಕೆ ಒಂದೊಂದು ಹೊತ್ತು ಎಂಬ ನಿಯಮವನ್ನಂತೂ ಈ ಊರು ಕೆಡಿಸಿಯೇ ಬಿಟ್ಟಿದೆ. ಅದೇ ಆಲ್ಬಂನ ಭೂಪ್ ರಾತ್ರಿಯ ಮೊದಲ ಜಾವದ ರಾಗ. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ 11ರವರೆಗೂ ಸೂರ್ಯ ಮುಳುಗುವುದಿಲ್ಲ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಮುಳುಗುತ್ತಾನೆ. ಗಡಿಯಾರ ನೋಡಿ ಕೇಳಬೇಕೋ, ಆಕಾಶ ನೋಡಿಯೋ? ಅಜ್ಜ ಇದ್ದಿದ್ದರೆ ತೀರ್ಪು ಕೊಡುತ್ತಿದ್ದರು.

ಫೋನಿನಲ್ಲಿ ಕೇಳುವ ಪಹಾಡಿ ಸ್ವಚ್ಛವಾಗಿದೆ. ನಮ್ಮ ಕ್ಯಾಸೆಟ್ಟಿನಲ್ಲಿ ಟೇಪು ಸಿಕ್ಕಿಕೊಂಡು, ನೀವು ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿದ ಜಾಗದಲ್ಲಿ ಕೊಳಲು ಒಂದು ಕ್ಷಣ ಓಲಾಡುತ್ತಿತ್ತು. ಈಗಲೂ ಆ ಜಾಗ ಬಂದಾಗ ಕಿವಿ ಅದಕ್ಕಾಗಿ ಕಾಯುತ್ತದೆ. ಅಟ್ಟದ ಮೇಲಿನ ಕ್ಯಾಸೆಟ್‌ಗಳನ್ನೆಲ್ಲ ಗುಜರಿಗೆ ಹಾಕಬೇಕೆಂದು ಅಕ್ಕ ಹೇಳುತ್ತಿದ್ದಳು. ಅದೊಂದನ್ನು ತೆಗೆದಿಡಿರಿ. ಟೇಪ್‌ರೆಕಾರ್ಡರ್ ಇನ್ನೂ ನಡೆಯುತ್ತಿದ್ದರೆ ಆ ಭಾಗವನ್ನು ಫೋನಿನಲ್ಲಿ ಹಿಡಿದು ಕಳಿಸಲು ಅವಳಿಗೆ ಹೇಳಿರಿ. ನಡುವೆ ಅಡುಗೆಮನೆಯ ಸದ್ದು ಬಂದರೂ ಅಡ್ಡಿಯಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸಿರಿ.

ಇಂತಿ,
ನಿಮ್ಮ ಪ್ರೀತಿಯ ಮಗಳು