ಬೆಳ್ಳಿಯ ತೂಕ ಗೊತ್ತು, ಒಡೆಯರು ಯಾರು?

ಮಾನ್ಯರೇ,

ಯಹೂದಿಯರ ಹಳೆಯ ಬೆಳ್ಳಿ ಸಾಮಾನು (ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ಪ್ರಾರ್ಥನೆಗೆ ದ್ರಾಕ್ಷಾರಸ ತುಂಬುವ ಕಿದ್ದುಶ್ ಬಟ್ಟಲು, ಹನುಕ್ಕಾ ಹಬ್ಬದ ದೀಪ, ಧರ್ಮಗ್ರಂಥವಾದ ಟೋರಾ ಸುರುಳಿಯ ಕಿರೀಟ) ಹರಾಜಿಗೆ ಬಂದಾಗ ತೂಕ, ಕುಸುರಿ, ಅಕ್ಕಸಾಲಿಗನ ಮುದ್ರೆ ಎಲ್ಲವನ್ನೂ ಬರೆಯುತ್ತಾರೆ. ಯಾರ ಮನೆಯದು ಎನ್ನುವ ಕಡೆ ಮಾತ್ರ ‘ಖಾಸಗಿ ಸಂಗ್ರಹ’ ಎಂದಿದ್ದರೆ ಒಪ್ಪಲಾಗದು.

1939ರ ಫೆಬ್ರುವರಿಯಲ್ಲಿ ನಾಜಿ ಸರ್ಕಾರವು ಯಹೂದಿಯರು ತಮ್ಮ ಚಿನ್ನ, ಬೆಳ್ಳಿಯನ್ನು ಸರ್ಕಾರಿ ಗಿರವಿ ಕಚೇರಿಗಳಿಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಮದುವೆಯ ಉಂಗುರ, ಊಟಕ್ಕೆ ಒಂದಿಷ್ಟು ಚಮಚದಂಥ ಕೆಲವೇ ವಸ್ತುಗಳು ಉಳಿದವು, ಅಷ್ಟೇ. ಕೊಟ್ಟ ಹಣ ನಿಜವಾದ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಬಹಳಷ್ಟು ಬೆಳ್ಳಿಯನ್ನು ಕರಗಿಸಿಬಿಟ್ಟರು. ಮ್ಯೂನಿಕ್‌ನ ಬವೇರಿಯನ್ ನ್ಯಾಷನಲ್ ಮ್ಯೂಸಿಯಂ, ತಾನು ಅಂದು ಅಲ್ಲಿನ ಗಿರವಿ ಕಚೇರಿಯಿಂದ ಕೊಂಡ ಬೆಳ್ಳಿಯನ್ನು ಈಚಿನ ವರ್ಷಗಳಲ್ಲಿ ವಾರಸುದಾರರನ್ನು ಹುಡುಕಿ ಹಿಂದಿರುಗಿಸುತ್ತಿದೆ. ಮನಸ್ಸಿದ್ದರೆ ಕುಟುಂಬಗಳು ಸಿಗುತ್ತವೆ!

ನಾಜಿಗಳು ಕಸಿದುಕೊಂಡ ಕಲಾವಸ್ತುಗಳ ವಿಷಯದಲ್ಲಿ ನ್ಯಾಯಯುತ ಪರಿಹಾರ ಕಂಡುಕೊಳ್ಳಬೇಕೆನ್ನುವ 1998ರ ವಾಷಿಂಗ್ಟನ್ ತತ್ವಗಳನ್ನು 44 ದೇಶಗಳು ಒಪ್ಪಿದ್ದರೂ ಅವುಗಳಿಗೆ ಕಾನೂನಿನ ಬಲವಿಲ್ಲ. ನಾಜಿ ಆಳ್ವಿಕೆಯ 1933ರಿಂದ 1945ರವರೆಗೆ ಯಾರ ಕೈಯಲ್ಲಿತ್ತು ಎಂಬ ದಾಖಲೆಯಿಲ್ಲದ ಇಂಥ ವಸ್ತುಗಳನ್ನು ಯಾವ ಸಂಸ್ಥೆಯೂ ಹರಾಜಿಗಿಡಬಾರದು, ಯಾವ ವಸ್ತುಸಂಗ್ರಹಾಲಯವೂ ಕೊಳ್ಳಬಾರದು.

– ಓದುಗ, ಧಾರವಾಡ