ಚಿಂಚಿಲಾದ ಹೊಲಿಗೆಯಷ್ಟೇ ಅಲ್ಲ, ಹಿಕ್ಕೆಯನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಶಸ್ತ್ರಚಿಕಿತ್ಸೆಯಾದ ಸಾಕುಪ್ರಾಣಿಗಳ ಆರೈಕೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳನ್ನು ಬಹುಪಾಲು ನಾಯಿ, ಬೆಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ. ಹೊಲಿಗೆ ನೆಕ್ಕದಂತೆ ನೋಡಿಕೊಳ್ಳಿ, ಒಂದು ದಿನ ಸರಿಯಾಗಿ ತಿನ್ನದಿದ್ದರೆ ಗಾಬರಿಯಾಗಬೇಡಿ, ಅದರ ಪಾಡಿಗೆ ಮಲಗಲು ಬಿಡಿ ಎಂಬ ಮಾತುಗಳು ಅವುಗಳಿಗೆ ಒಪ್ಪುತ್ತವೆ. ಇಲಿಯ ಬಳಗಕ್ಕೆ ಸೇರಿದ, ದಟ್ಟ ತುಪ್ಪಳದ ಚಿಂಚಿಲಾದಂತಹ ಪುಟ್ಟ ಸಸ್ಯಾಹಾರಿಯ ವಿಷಯದಲ್ಲಿ ಇದೇ ಸಲಹೆ ಪ್ರಾಣಕ್ಕೆ ಎರವಾಗಬಹುದು. ನಮ್ಮ ಚಿಂಚಿಲಾಕ್ಕೆ ಮೂತ್ರಕೋಶದ ಕಲ್ಲು ತೆಗೆಸಿದ ಬಳಿಕ ಗಾಯ ಚೆನ್ನಾಗಿಯೇ ಮಾಯುತ್ತಿದ್ದರೂ ಕರುಳಿನ ಚಲನೆ ಕುಂಠಿತವಾಗಿ, ಅದನ್ನು ದಾರಿಗೆ ತರುವುದೇ ದೊಡ್ಡ ಕೆಲಸವಾಯಿತು. ಆ ಅನುಭವದ ಹಿನ್ನೆಲೆಯಲ್ಲಿ ಈ ಪತ್ರ.

ಚಿಂಚಿಲಾ ತಿನ್ನುವ ಒಣಹುಲ್ಲಿನ ನಾರನ್ನು ಹುದುಗಿಸಿ ಜೀರ್ಣಿಸುವುದು ಅದರ ದೊಡ್ಡ ಕುರುಡುಕರುಳಿನಲ್ಲಿ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಚೀಲ) ನೆಲೆಸಿರುವ ಸೂಕ್ಷ್ಮಜೀವಿಗಳು. ಮೇಲಿನಿಂದ ನಾರು ಬರುತ್ತಲೇ ಇದ್ದರೆ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ. ಅರಿವಳಿಕೆ, ನೋವು, ಅಪರಿಚಿತ ಜಾಗದ ಭಯ ಇವೆಲ್ಲ ಸೇರಿ ಕರುಳಿನ ಚಲನೆಯನ್ನು ತಗ್ಗಿಸಿದಾಗ ಒಳಗಿನ ಆಹಾರ ಒಣಗಿ ಗಟ್ಟಿಯಾಗುತ್ತದೆ, ವಾಯು ತುಂಬುತ್ತದೆ, ಹೊಟ್ಟೆ ನೋಯುತ್ತದೆ. ನೋಯುವುದರಿಂದ ಪ್ರಾಣಿ ತಿನ್ನುವುದಿಲ್ಲ, ತಿನ್ನದಿರುವುದರಿಂದ ಕರುಳು ಇನ್ನಷ್ಟು ಮಂದವಾಗುತ್ತದೆ. ಉಪವಾಸ ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಚೇತರಿಕೆ ಮತ್ತಷ್ಟು ಕಠಿಣವಾಗುತ್ತದೆ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಏನನ್ನೂ ತಿನ್ನಿಸಬೇಡಿ ಎಂಬ ಸೂಚನೆಯೂ ನಾಯಿ, ಬೆಕ್ಕುಗಳಿಂದ ಬಂದ ಅಭ್ಯಾಸವೇ. ಅರಿವಳಿಕೆಯಲ್ಲಿ ವಾಂತಿಯಾದೀತು ಎಂಬ ಭಯಕ್ಕೆ ಅವುಗಳನ್ನು ಉಪವಾಸವಿಡುತ್ತಾರೆ. ಚಿಂಚಿಲಾಕ್ಕೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ.

ಕರುಳು ನಡೆಯುತ್ತಿದೆಯೇ ಎಂದು ಮನೆಯಲ್ಲಿ ತಿಳಿಯಲು ಹಿಕ್ಕೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರ ಬಗ್ಗೆ ಬರೆಯಲು ಮುಜುಗರವೋ ಏನೋ, ಕೈಪಿಡಿಗಳು ಈ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಗೂಡಿನ ತಳಕ್ಕೆ ಮರದ ಹೊಟ್ಟಿನ ಬದಲು ಬಿಳಿ ಕಾಗದ ಅಥವಾ ತೆಳುಬಟ್ಟೆ ಹಾಸಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಆರೋಗ್ಯವಂತ ಚಿಂಚಿಲಾದ ಹಿಕ್ಕೆ ಉದ್ದುದ್ದಕ್ಕೆ, ತುಂಬಿಕೊಂಡು, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರುತ್ತದೆ. ನಮ್ಮಲ್ಲಿ ಮೊದಲು ಕಂಡದ್ದು ಜೀರಿಗೆಯಷ್ಟು ಸಣ್ಣದಾದ, ತುದಿ ಚೂಪಾದ, ಉಗುರಿನಿಂದ ಒತ್ತಿದರೂ ಪುಡಿಯಾಗದ ನಾಲ್ಕಾರು ಕಾಳುಗಳು. ಚೇತರಿಕೆ ಆರಂಭವಾದಾಗ ಅವು ಒಮ್ಮೆಲೇ ಸರಿಹೋಗಲಿಲ್ಲ. ಸಣ್ಣವು, ದೊಡ್ಡವು ಬೆರೆತು ಬಂದವು, ಕೆಲವಕ್ಕೆ ಲೋಳೆ ಅಂಟಿತ್ತು, ಆಮೇಲೆ ನಿಧಾನವಾಗಿ ಗಾತ್ರ ಒಂದೇ ಸಮವಾಯಿತು. ಇದರ ಜೊತೆಗೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಕ ನೋಡುವುದು ಅಗತ್ಯ. 500 ಗ್ರಾಂ ತೂಗುವ ಪ್ರಾಣಿ 30 ಗ್ರಾಂ ಇಳಿದರೆ ದಟ್ಟ ತುಪ್ಪಳದ ಮೇಲಿಂದ ಏನೂ ಗೊತ್ತಾಗುವುದಿಲ್ಲ, ಆದರೆ ಅದು ಶೇಕಡಾ 6ರಷ್ಟು ನಷ್ಟ.

ತಾನಾಗಿ ತಿನ್ನದಿದ್ದಾಗ ವೈದ್ಯರ ಸೂಚನೆಯಂತೆ, ಹುಲ್ಲಿನ ನಾರಿನಿಂದಲೇ ತಯಾರಾದ ಚೇತರಿಕೆಯ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಸಿರಿಂಜಿನಿಂದ ತಿನ್ನಿಸಬೇಕಾಗುತ್ತದೆ. ಸಿರಿಂಜಿನ ತುದಿಯನ್ನು ಎದುರಿನಿಂದ ತೂರಿಸದೆ, ಬಾಚಿಹಲ್ಲು ಮತ್ತು ದವಡೆಹಲ್ಲುಗಳ ನಡುವಿನ ಖಾಲಿ ಜಾಗದಲ್ಲಿ ಪಕ್ಕದಿಂದ ಇಟ್ಟು, ಚೂರೇ ಚೂರು ಬಿಟ್ಟು, ಅದು ಜಗಿದು ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಒಮ್ಮೆಗೇ ಹೊಟ್ಟೆ ತುಂಬಿಸುವ ಬದಲು ಹಗಲು ರಾತ್ರಿ ಹಂಚಿ ಕೊಡುವುದು ಒಳಿತು. ಸ್ವಭಾವತಃ ಇದು ರಾತ್ರಿ ತಿನ್ನುವ ಪ್ರಾಣಿ. ಬಾಯಿರುಚಿಗೆಂದು ಹಣ್ಣು, ಒಣದ್ರಾಕ್ಷಿ ಕೊಡುವವರಿದ್ದಾರೆ. ಸಕ್ಕರೆಯಂಶ ಮೊದಲೇ ಹದಗೆಟ್ಟ ಕರುಳಿನಲ್ಲಿ ವಾಯುವನ್ನು ಹೆಚ್ಚಿಸುತ್ತದೆ, ಅಷ್ಟೇ.

ಇಷ್ಟೆಲ್ಲ ಮಾಡಿದರೂ ನೋವು ತಗ್ಗದಿದ್ದರೆ ಪ್ರಯೋಜನವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಬೇಟೆಗೆ ಬಲಿಯಾಗುವ ಪ್ರಾಣಿಯಾದ್ದರಿಂದ ಚಿಂಚಿಲಾ ನೋವನ್ನು ಮರೆಮಾಚುತ್ತದೆ. ಬೆನ್ನು ಗೂನಾಗಿಸಿ ಮೂಲೆಯಲ್ಲಿ ಕೂರುವುದು, ಕಣ್ಣು ಅರೆಮುಚ್ಚುವುದು, ಹಲ್ಲು ಮಸೆಯುವುದು ಇಷ್ಟೇ ಸುಳಿವು. ಸುಮ್ಮನಿದೆ, ಹಾಗಾಗಿ ಆರಾಮಾಗಿದೆ ಎಂದು ವೈದ್ಯರು ಕೊಟ್ಟ ನೋವಿನ ಔಷಧವನ್ನು ನಡುವೆ ನಿಲ್ಲಿಸಬಾರದು, ನಮಗಾಗಿ ತಂದ ಮಾತ್ರೆಯನ್ನು ಮುರಿದು ಕೊಡಲೂಬಾರದು. ಗಾಯಕ್ಕೆಂದು ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಕೊಡುವುದಂತೂ ಇನ್ನೂ ಅಪಾಯಕರ. ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಕ್ಲಿಂಡಾಮೈಸಿನ್‌ನಂತಹ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ನಾಶವಾಗಿ, ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದು, ಪ್ರಾಣಿ ಸಾಯಬಹುದು.

ಹೊಟ್ಟೆ ಡೋಲಿನಂತೆ ಬಿಗಿದು ಉಸಿರಾಟ ಕಷ್ಟವಾದರೆ, ಇಲ್ಲವೇ ಹಿಕ್ಕೆ ಪೂರ್ತಿ ನಿಂತರೆ ಸಿರಿಂಜನ್ನು ಬದಿಗಿಟ್ಟು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಕರುಳಿನಲ್ಲಿ ನಿಜವಾಗಿಯೂ ಅಡಚಣೆ ಇದ್ದರೆ ಬಲವಂತದ ಆಹಾರವೂ ಕರುಳನ್ನು ಚುರುಕುಗೊಳಿಸುವ ಔಷಧವೂ ಕೆಡುಕನ್ನೇ ಮಾಡುತ್ತವೆ, ಅದನ್ನು ಎಕ್ಸ್‌ರೇ ನೋಡಿ ನಿರ್ಧರಿಸಬೇಕೇ ಹೊರತು ಮನೆಯಲ್ಲಿ ಊಹಿಸಲಾಗದು.

ಪಶುವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ. ಇಂತಹ ಪ್ರಾಣಿಯನ್ನು ಮನೆಗೆ ಕಳಿಸುವಾಗ ಹೊಲಿಗೆ ಬಿಚ್ಚುವ ದಿನಾಂಕದ ಜೊತೆಗೆ ಅಂದಿನ ತೂಕ, ಪ್ರತಿ ಸಲ ತಿನ್ನಿಸಬೇಕಾದ ಪ್ರಮಾಣ, ನೋವಿನ ಔಷಧದ ಸಮಯ ಮತ್ತು ಹಿಕ್ಕೆ ಎಷ್ಟು ಹೊತ್ತು ಕಾಣದಿದ್ದರೆ ಮರಳಿ ಕರೆತರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಲಿ. ಸಾಕುವವರೂ ಆ ಹಾಳೆಯನ್ನು ಕೇಳಿ ಪಡೆಯದೆ ಆಸ್ಪತ್ರೆಯಿಂದ ಹೊರಡದಿರಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ